ಅಪ್ಪನಿಗೆ ಉಳಿದ ಮಾತು

ನಿಮ್ಮ ಮನೆಯಲ್ಲಿ ಹುರುಳಿ ಬೇಯಿಸುತ್ತಾರೆಯೇ? ಬೇಯಿಸಿದರೆ ಆ ವಾಸನೆಗೆ ನಿಮಗೆ ಸಾರೋ ಉಸಲಿಯೋ ನೆನಪಾಗಬಹುದು. ನನ್ನ ಕಥೆ ಬೇರೆ. ಮೊನ್ನೆ ನನ್ನ ಸೊಸೆ ವೀಣಾ, ಹುರುಳಿ ತಿಂದರೆ ಮೈ ಕರಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ಒಂದು ಕುಕ್ಕರ್ ತುಂಬ ಬೇಯಿಸಿದಳು. ಸಹಕಾರನಗರದ ನಮ್ಮ ಮನೆಯ ಅಡುಗೆಮನೆಗೂ ನನ್ನ ಕೋಣೆಗೂ ನಡುವೆ ಒಂದೇ ಗೋಡೆ. ಬಿಸಿ ಸಾರಿನ ಬಟ್ಟಲು ಹಿಡಿದು ಬಂದು, "ಅತ್ತೆ, ಉಪ್ಪು ಖಾರ ನೋಡಿ" ಎಂದಳು. ನಾನು ಹಿಂದುಮುಂದು ನೋಡದೆ, "ಕುದುರೆ ಎಲ್ಲಿ ಕಟ್ಟಿದೀಯಮ್ಮ?" ಎಂದುಬಿಟ್ಟೆ. ಅವಳ ಮುಖ ಸಣ್ಣದಾಯಿತು. ನನ್ನ ನಾಲಗೆ ಮೊದಲಿನಿಂದಲೂ ಹೀಗೇ. ಮೂವತ್ತಾರು ವರ್ಷ ಮೇಷ್ಟರಗಿರಿ ಮಾಡಿದವರ ನಾಲಗೆ ರಿಟೈರ್ ಆಗುವುದಿಲ್ಲ.

ಆದರೆ ನಾನು ಹೇಳಿದ್ದು ತಮಾಷೆಯ ಮಾತಲ್ಲ. ನಾನು ಹುಟ್ಟಿದ ಮನೆಯಲ್ಲಿ ದಿನಾ ಬೆಳಿಗ್ಗೆ ಹುರುಳಿ ಬೇಯುತ್ತಿತ್ತು, ಮತ್ತು ಅದು ಬೇಯುತ್ತಿದ್ದದ್ದು ನಮಗಲ್ಲ. ಯಶವಂತಪುರದ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ನಮ್ಮದು ಎರಡಂಕಣದ ಹೆಂಚಿನ ಮನೆ. ಹಿತ್ತಲಲ್ಲಿ ತಗಡು ಹೊದಿಸಿದ ಲಾಯ. ಅಲ್ಲಿ ಮೋತಿ ಎಂಬ ಕಂದು ಬಣ್ಣದ ಹೆಣ್ಣು ಕುದುರೆ. ಅಪ್ಪ ಜಟಕಾ ಹೊಡೆಯುತ್ತಿದ್ದ. ರೈಲು ಇಳಿದು ಮಲ್ಲೇಶ್ವರದ ಕಡೆಗೋ ಹೆಬ್ಬಾಳದ ಕಡೆಗೋ ಹೋಗುವವರು "ಜಟಕಾ ಮುನಿಯಪ್ಪ ಇದಾನೇನ್ರಪ್ಪಾ?" ಎಂದು ಹುಡುಕಿಕೊಂಡು ಬರುತ್ತಿದ್ದರು. ಐವತ್ತರ ದಶಕದ ಮಾತು ಇದು. ಆಟೋಗಳಿನ್ನೂ ನಮ್ಮ ಕಡೆ ಅಷ್ಟಾಗಿ ಬಂದಿರಲಿಲ್ಲ.

ಅಪ್ಪನ ಊರು ಚಿಕ್ಕಬಾಣಾವರದ ಪಕ್ಕದ ಹಳ್ಳಿ. ಒಕ್ಕಲು ಮನೆತನ. ಹತ್ತು ವರ್ಷಕ್ಕೇ ಅಪ್ಪ ಹೊಲ ಬಿಟ್ಟು ಯಶವಂತಪುರಕ್ಕೆ ಬಂದು, ಮಹಬೂಬ್ ಸಾಹೇಬರೆಂಬ ಜಟಕಾದವರ ಹತ್ತಿರ ಕೆಲಸಕ್ಕೆ ನಿಂತ. ಲಗಾಮು ಹಿಡಿಯುವುದನ್ನು ಅವರೇ ಕಲಿಸಿದರು, ಕುದುರೆಯ ಜೊತೆ ಮಾತಾಡುವುದನ್ನೂ ಅವರೇ ಕಲಿಸಿದರು. ಎರಡೂ ಒಂದೇ ದಿನ ಶುರುವಾಯಿತಂತೆ. ನಿಮಗೆ ಗೊತ್ತಿದೆಯೋ ಇಲ್ಲವೋ, ಆ ಕಾಲದಲ್ಲಿ ಜಟಕಾ ಹೊಡೆಯುವವನು ಯಾವ ಜಾತಿಯವನಾಗಲಿ, ಮನೆಯಲ್ಲಿ ಯಾವ ಭಾಷೆಯವನಾಗಲಿ, ಕುದುರೆಯ ಜೊತೆ ಮಾತ್ರ ಸಾಬರ ಮಾತನ್ನೇ ಆಡುತ್ತಿದ್ದ. ನಮ್ಮ ಬೆಂಗಳೂರಿನ ಸಾಬರು ಮನೆಯಲ್ಲಿ ಆಡುವ ದಖನಿ ಅದು. ಎತ್ತಿಗೆ ಕನ್ನಡ, ಕುದುರೆಗೆ ದಖನಿ. ಯಾಕೆ ಎಂದು ಕೇಳಿದರೆ ಅಪ್ಪ, "ಅದಕ್ಕೆ ಕನ್ನಡ ಬರಲ್ಲ ಕಣಮ್ಮಿ" ಎನ್ನುತ್ತಿದ್ದ, ಇದೂ ಒಂದು ಕೇಳುವ ವಿಷಯವೇ ಎನ್ನುವಂತೆ.

ಜಟಕಾದ ಮುಂದುಗಡೆ ಅಪ್ಪನ ಪಕ್ಕ ಕೂತು ಹೋಗುವುದು ನನಗೆ ಹಬ್ಬ. ಅಲ್ಲಿ ಕೂತು ಕೇಳಿದರೆ ಅಪ್ಪನ ಬಾಯಲ್ಲಿ ಎರಡು ಭಾಷೆ ಒಂದರ ಬಾಲ ಒಂದು ಹಿಡಿದುಕೊಂಡು ಬರುತ್ತಿದ್ದವು. ಹಿಂದೆ ತಿರುಗಿ, "ಸ್ವಾಮಿ, ಸ್ವಲ್ಪ ಮುಂದಕ್ಕೆ ಸರೀರಿ, ಹಿಂದ್ಗಡೆ ಭಾರ ಆಗ್ತಾ ಅದೆ" ಎನ್ನುವುದು, ಮುಂದೆ ತಿರುಗುವಷ್ಟರಲ್ಲಿ, "ಚಲ್ ಮೇರೀ ಮಾ, ಧೀರೆ, ಧೀರೆ" ಎನ್ನುವುದು. ನಡುವೆ ಉಸಿರು ತೆಗೆದುಕೊಳ್ಳುತ್ತಿದ್ದನೋ ಇಲ್ಲವೋ. ಒಂದು ದಿನವೂ ತಪ್ಪಿ ಪ್ರಯಾಣಿಕರಿಗೆ ದಖನಿ ಹೇಳಲಿಲ್ಲ, ಕುದುರೆಗೆ ಕನ್ನಡ ಹೇಳಲಿಲ್ಲ. ನಾನು ಆಗ ಮಿಡ್ಲ್ ಸ್ಕೂಲಿನಲ್ಲಿ ಇಂಗ್ಲಿಷ್ ಕಲಿಯುತ್ತಿದ್ದೆ. ಒಂದು ವಾಕ್ಯ ಹೇಳಬೇಕಾದರೆ ಮೊದಲು ಕನ್ನಡದಲ್ಲಿ ಜೋಡಿಸಿಕೊಂಡು, ಒಂದೊಂದೇ ಪದವನ್ನು ಇಂಗ್ಲಿಷಿಗೆ ಎತ್ತಿಟ್ಟು, ಆಮೇಲೆ ಬಾಯಿ ತೆರೆಯಬೇಕು. ತುಂಬಿದ ಕೊಡ ಹೊತ್ತು ಮೆಟ್ಟಿಲು ಇಳಿದ ಹಾಗೆ. ಇವತ್ತಿಗೂ ನನ್ನ ಇಂಗ್ಲಿಷ್ ಹಾಗೇ ಇಳಿಯುವುದು. ಅಕ್ಷರ ಬಾರದ ಅಪ್ಪನಿಗೆ ಅದು ಹೇಗೆ ಅಷ್ಟು ಸಲೀಸಾಗಿತ್ತು ಎಂದು ಹೊಟ್ಟೆಕಿಚ್ಚಾಗುತ್ತಿತ್ತು.

ಇನ್ನೊಂದು ವಿಚಿತ್ರ. ಕನ್ನಡದಲ್ಲಿ ಅಪ್ಪನಿಗೆ ಮಾತೇ ಕಡಿಮೆ. ಮನೆಯೊಳಗೆ ಬಂದರೆ "ಊಟ ಹಾಕು", "ಬಾಗ್ಲಾಕು", "ಸಾಕು". ಇಷ್ಟರಲ್ಲಿ ದಿನ ಕಳೆದುಹೋಗುತ್ತಿತ್ತು. ಸಿಟ್ಟಿನವನಲ್ಲ, ಕೈ ಎತ್ತಿದವನಲ್ಲ, ಮಾತು ಬೇಕೆನಿಸುತ್ತಿರಲಿಲ್ಲ ಅಷ್ಟೆ. ಆದರೆ ಸಂಜೆ ಮೋತಿಯ ಮೈ ಉಜ್ಜುತ್ತ ನಿಂತನೆಂದರೆ ಗಂಟೆಗಟ್ಟಲೆ ಅದರ ಜೊತೆ ಹರಟೆ. ದನಿಯೇ ಬೇರೆ ಆಗಿಬಿಡುತ್ತಿತ್ತು. ಅದಕ್ಕೆ ಸಮಾಧಾನ ಹೇಳುತ್ತಿದ್ದ, ಬೈಯುತ್ತಿದ್ದ, ಮತ್ತೆ ಮುದ್ದು ಮಾಡುತ್ತಿದ್ದ. ಅಮ್ಮನಿಗೆ ದಖನಿಯ ಒಂದಕ್ಷರ ತಿಳಿಯದು. ಹುರುಳಿಯ ಬೋಗುಣಿ ಕೆಳಗಿಳಿಸುತ್ತ, "ಆ ಕುದ್ರೆ ಜೊತೆ ಆಡೋದ್ರಲ್ಲಿ ಕಾಲು ಭಾಗ ನನ್ ಜೊತೆ ಆಡಿದ್ರೆ ನಾನು ದಿನಕ್ಕೆರಡು ಸಲ ಜಟಕಾ ಎಳೀತಿದ್ದೆ" ಎನ್ನುತ್ತಿದ್ದಳು. ಅಪ್ಪ ನಗುತ್ತಿದ್ದ.

ಬೇರೆಯವರು ಹೊಸ ಕುದುರೆ ಕೊಂಡರೆ ಪಳಗಿಸಲು ಅಪ್ಪನ ಹತ್ತಿರ ತರುತ್ತಿದ್ದರು. ಅವನ ಪಳಗಿಸುವ ಕ್ರಮ ಇಷ್ಟೇ. ಅಂಗೈಯಲ್ಲಿ ಬೆಲ್ಲದ ತುಂಡು ಇಟ್ಟುಕೊಂಡು ದೂರ ನಿಂತು ಒಂದು ಮಾತು ಹೇಳುವುದು. ಕುದುರೆ ಮಾತು ಕೇಳುವವರೆಗೂ ಬೆಲ್ಲ ಇಲ್ಲ. ಅದು ಮೂಸಿ, ಕಾಲು ಕೆರೆದು, ಕೆನೆದು ಗಲಾಟೆ ಮಾಡಿದರೂ ಕೈ ಮುಂದಕ್ಕೆ ಬರುತ್ತಿರಲಿಲ್ಲ. ಚಾಟಿಯ ಮಾತೇ ಇಲ್ಲ. ನಾನು ಲಾಯದ ಗೂಟದ ಪಕ್ಕ ಕೂತು ನೋಡುತ್ತಿದ್ದೆ. "ಅಯ್ಯೋ ಪಾಪ, ಕೊಟ್ಬಿಡಪ್ಪ" ಎಂದರೆ, "ಈಗ ಕೊಟ್ರೆ ಅದು ಯಾವತ್ತೂ ಕಲಿಯಲ್ಲ ಕಣಮ್ಮಿ, ಸುಮ್ನಿರು" ಎನ್ನುತ್ತಿದ್ದ. ಎರಡು ಮೂರು ದಿನಕ್ಕೆ ಕುದುರೆ ಕಲಿಯುತ್ತಿತ್ತು. ಪ್ರತಿ ಸಲವೂ ಕಲಿಯುತ್ತಿತ್ತು. ಅದು ನನ್ನ ತಲೆಯಲ್ಲಿ ಚೆನ್ನಾಗಿ ಕೂತುಬಿಟ್ಟಿತು, ಅದೇ ಬಂದ ಅನಾಹುತ.

ನನಗೆ ಹನ್ನೆರಡು ತುಂಬಿದ ವರ್ಷ, ಒಂದು ಬೆಳಿಗ್ಗೆ ಅಪ್ಪ ಮೋತಿಗೆ ಜೀನು ಕಟ್ಟುತ್ತಿದ್ದವನು ಹಾಗೇ ಅದರ ಕಾಲ ಬುಡದಲ್ಲಿ ಕುಸಿದು ಕೂತ. ಕುದುರೆ ಅಲುಗಲಿಲ್ಲ. ಅಮ್ಮನ ಕೂಗಿಗೆ ಬೀದಿಯವರು ಬಂದು ಎತ್ತಿ, ಅದೇ ಜಟಕಾದಲ್ಲಿ ದೊಡ್ಡಾಸ್ಪತ್ರೆಗೆ ಸಾಗಿಸಿದರು. ಲಕ್ವ ಹೊಡೆದಿತ್ತು. ಬಲಗೈ ಬಲಗಾಲು ಸತ್ತುಹೋಗಿದ್ದವು, ಬಾಯಿ ಒಂದು ಕಡೆಗೆ ಎಳೆದಿತ್ತು. ಮಾತು ಪೂರ್ತಿ ನಿಂತಿತ್ತು. ಹದಿನೈದು ದಿನ ಇಟ್ಟುಕೊಂಡು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದರು. ಮೋತಿಯನ್ನು ಬೇರೊಬ್ಬ ಜಟಕಾದವರಿಗೆ ಕೊಟ್ಟದ್ದಾಯಿತು. ನಡುಮನೆಯ ಗೋಡೆಯ ಪಕ್ಕ ಚಾಪೆ ಹಾಸಿ ಅಪ್ಪನನ್ನು ಮಲಗಿಸಿದೆವು. ಅಮ್ಮ ದಿನವೆಲ್ಲ ಅವನ ಮುಖ ನೋಡುತ್ತಿದ್ದಳು. ಒಂದು ಮಾತು, ಒಂದೇ ಒಂದು ಮಾತು ಆಡಿದರೆ ಸಾಕು ಎಂದು ಬೀದಿಯ ಮುನೇಶ್ವರನಿಗೆ ಹರಕೆ ಹೊತ್ತಳು.

ಮಾತು ಬಂತು. ಒಂದು ಮಧ್ಯಾಹ್ನ ಅಪ್ಪ ಕಣ್ಣು ತೆರೆದು ಸ್ಪಷ್ಟವಾಗಿ "ಪಾನಿ" ಎಂದ. ಅಮ್ಮ ಕೈಯಲ್ಲಿದ್ದ ಮೊರ ಬಿಸಾಡಿ ಓಡಿ ಬಂದಳು. ನೀರು ಕುಡಿಸಿದಳು, ಅತ್ತಳು, ನನ್ನನ್ನು ತಬ್ಬಿಕೊಂಡಳು. ಮಾರನೆಯ ದಿನ ಇನ್ನೂ ನಾಲ್ಕು ಮಾತು ಬಂದವು. ವಾರದೊಳಗೆ ಮೂವತ್ತು ನಲವತ್ತು ಆದವು. ಎಲ್ಲವೂ ದಖನಿ. ಕನ್ನಡದ ಒಂದು ಪದವೂ ಇಲ್ಲ, ಅಮ್ಮನ ಹೆಸರಿಲ್ಲ, ನನ್ನ ಹೆಸರಿಲ್ಲ. ತಾಯಿಯ ಮಡಿಲಲ್ಲಿ ಕಲಿತ ಭಾಷೆ ಹೋಗಿ, ಲಾಯದಲ್ಲಿ ಕಲಿತದ್ದು ಉಳಿದಿತ್ತು. ಆದರೆ ನಾವು ಆಡಿದ್ದೆಲ್ಲ ಅವನಿಗೆ ತಿಳಿಯುತ್ತಿತ್ತು. "ಕಿಟಕಿ ಹಾಕ್ಲಾ?" ಎಂದು ಅಮ್ಮ ಕೇಳಿದರೆ ತಲೆಯಾಡಿಸುತ್ತಿದ್ದ. ಒಳಗೆ ಬರುವ ಬಾಗಿಲಲ್ಲಿ ಕನ್ನಡ ಬರುತ್ತಿತ್ತು, ಹೊರಗೆ ಹೋಗುವಾಗ ಆ ಬಾಗಿಲು ಮುಚ್ಚಿತ್ತು. ಯಾಕೆ ಹೀಗೆ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿದರೆ ಅಲ್ಲಿನವರಿಗೂ ಹೇಳಲು ಬರಲಿಲ್ಲ.

ಆ ದಿನಗಳಲ್ಲಿ ಅಪ್ಪನ ಜೊತೆ ಮಾತಾಡುತ್ತಿದ್ದವರು ಒಬ್ಬರೇ, ಬೂಬಮ್ಮ. ತೀರಿಹೋಗಿದ್ದ ಮಹಬೂಬ್ ಸಾಹೇಬರ ಹೆಂಡತಿ, ನಮ್ಮ ಮನೆಯಿಂದ ಮೂರು ಮನೆ ಆಚೆ ಇದ್ದರು. ಅಪ್ಪನನ್ನು ಹತ್ತು ವರ್ಷದವನಿಂದ ಕಂಡವರು. ದಿನಾ ಮಧ್ಯಾಹ್ನ ಒಂದು ಲೋಟ ಆಡಿನ ಹಾಲು ಹಿಡಿದು ಬಂದು ಚಾಪೆಯ ಪಕ್ಕ ಕೂರುತ್ತಿದ್ದರು. ಇಬ್ಬರೂ ಮೆಲ್ಲಗೆ ಏನೇನೋ ಮಾತಾಡಿಕೊಳ್ಳುತ್ತಿದ್ದರು. ಅಪ್ಪ ಒಮ್ಮೊಮ್ಮೆ ನಗುತ್ತಿದ್ದ ಕೂಡ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಇಬ್ಬರ ಬಾಯನ್ನೂ ನೋಡುತ್ತಿದ್ದಳು. ಬೂಬಮ್ಮ ಹೋದ ಮೇಲೆ ಅಪ್ಪ ಅಮ್ಮನಿಗೂ ಏನೋ ಹೇಳುತ್ತಿದ್ದ. ಅದೇ ದನಿ, ಅದೇ ಮೃದುತನ. ಅಮ್ಮನಿಗೆ ನೋವಾಗುತ್ತಿತ್ತು. "ನನ್ನ ಕುದ್ರೆ ಅಂದ್ಕೊಂಡವ್ರೆ ಕಣೆ. ಇನ್ನು ಮೇಲೆ ನಾನು ಇವ್ರಿಗೆ ಕುದ್ರೆನೇ" ಎಂದು ನನ್ನ ಹತ್ತಿರ ಅಳುತ್ತಿದ್ದಳು.

ಅಷ್ಟರಲ್ಲಿ ಊರಿನಿಂದ ದೊಡ್ಡಪ್ಪ ಬಂದ. ಅಪ್ಪನ ಅಣ್ಣ. ಒಳ್ಳೆಯವನೇ. ಒಂದು ಮೂಟೆ ರಾಗಿ ಹೊತ್ತು ತಂದಿದ್ದ. ತಮ್ಮನ ಬಾಯಲ್ಲಿ ಬರುವುದನ್ನು ಕೇಳಿ ಕಂಗಾಲಾದ. "ಇದೇನಮ್ಮಣ್ಣಿ, ಇವ್ನ ಬಾಯಲ್ಲಿ ಇಂಗ್ ಬತ್ತಾ ಅದೆ? ನೋಡಕ್ ಬಂದೋರ್ಗೆ ಏನ್ ಏಳಾನ?" ಎಂದು ಅಮ್ಮನನ್ನು ಕೇಳಿದ. ಆಮೇಲೆ ಜಗಲಿಯಲ್ಲಿ ಕೂತು ಬೀಡಿ ಸೇದುತ್ತ, "ಆವಮ್ಮ ದಿನಾ ಬಂದು ಅದೇ ಮಾತಾಡುದ್ರೆ ಅದೇ ನಿಂತೋಯ್ತದೆ. ಇಂಗೇ ಬುಟ್ರೆ ನಮ್ ಮಾತು ಇನ್ನೆಲ್ಲಿ ಬತ್ತದೆ" ಎಂದ. ಅಷ್ಟು ಹೇಳಿ ಅವನು ಸಂಜೆಯ ರೈಲಿಗೆ ಹೋದ. ದೊಡ್ಡಪ್ಪನ ಮೇಲೆ ತಪ್ಪು ಹೊರಿಸುವಷ್ಟು ಅವನೇನೂ ಮಾಡಲಿಲ್ಲ. ಮಾಡಿದವಳು ನಾನು.

ಕ್ಲಾಸಿನಲ್ಲಿ ನಾನು ಕನ್ನಡಕ್ಕೆ ಮೊದಲನೆಯವಳು. ನಮ್ಮ ಪಂಡಿತರು ನನ್ನ ಕೈಯಲ್ಲಿ ಕೋಲು ಕೊಟ್ಟು ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದರು. ಹನ್ನೆರಡು ವರ್ಷಕ್ಕೆ ನಾನೇ ಅರ್ಧ ಮೇಷ್ಟರು. ಅಪ್ಪನಿಗೆ ಕನ್ನಡ ಕಲಿಸುವುದು ಯಾವ ಮಹಾ ಎಂದುಕೊಂಡೆ. ಕಲಿಸುವ ವಿಧಾನವನ್ನು ಅಪ್ಪನಿಂದಲೇ ಕಲಿತಿದ್ದೆನಲ್ಲ. ಮಾರನೆಯ ದಿನ ಬೂಬಮ್ಮ ಹಾಲಿನ ಲೋಟ ಹಿಡಿದು ಬಂದಾಗ ಹೊಸ್ತಿಲ ಮೇಲೆ ನಿಂತು, "ಬೂಬಮ್ಮ, ನೀವು ಸ್ವಲ್ಪ ದಿನ ಬರ್ಬೇಡಿ. ನಮ್ಮಪ್ಪಂಗೆ ಮೊದ್ಲು ಕನ್ನಡ ಬರ್ಲಿ" ಎಂದೆ. ಅವರು ನನ್ನ ತಲೆಯ ಮೇಲಿಂದ ಒಳಗೆ ಒಂದು ಸಲ ನೋಡಿದರು. "ಆಯ್ತು ಬೇಟಿ. ಬರ್ಲಿ, ಪಾಪ, ಬರ್ಲಿ" ಎಂದು ಲೋಟವನ್ನು ನನ್ನ ಕೈಗೆ ಕೊಟ್ಟು ಹೋದರು. ಒಳಗಿಂದ ಅಪ್ಪ ಅವರನ್ನು ಕರೆದ. ನಾನು ಬಾಗಿಲು ಹಾಕಿದೆ.

ಆಮೇಲೆ ನೀರಿನ ಚೊಂಬು ಹಿಡಿದು ಚಾಪೆಯಿಂದ ಒಂದು ಮಾರು ದೂರ ನಿಂತೆ.

"ಅಪ್ಪಾ, ನೀರು ಅನ್ನಪ್ಪ. ನೀರು."

"ಪಾನಿ" ಎಂದ ಅಪ್ಪ.

"ಪಾನಿ ಅಲ್ಲ. ನೀರು ಅನ್ನು, ಕೊಡ್ತೀನಿ."

ಅಪ್ಪ ನನ್ನ ತುಟಿಯನ್ನೇ ನೋಡಿದ. ಹಣೆಯ ನರ ಉಬ್ಬಿತು. ಬಾಯಿ ತೆರೆದು ಮುಚ್ಚಿ, ಎಲ್ಲ ಶಕ್ತಿಯನ್ನೂ ಒಟ್ಟು ಮಾಡಿಕೊಂಡು, ನಾನು ಕೇಳಿದ್ದನ್ನೇ ಕೊಡುವವನ ಹಾಗೆ ನನ್ನ ಮುಖಕ್ಕೆ ಎತ್ತಿ ಹೇಳಿದ, "ಪಾನಿ." ನಾನು ಚೊಂಬನ್ನು ಎದೆಗೆ ಅವಚಿಕೊಂಡೆ. ಆಗ ಅಪ್ಪನ ಬಾಯಿಂದ ಇನ್ನೊಂದು ಉದ್ದನೆಯ ಮಾತು ಬಂತು. "ಬೋಲ್ರೌಂ ನಾ ಮಾ." ಎಡಗೈ ಚಾಚಿ ಮತ್ತೆ ಮತ್ತೆ ಅದನ್ನೇ ಅಂದ. "ಬೋಲ್ರೌಂ ನಾ, ಬೋಲ್ರೌಂ ನಾ ಮಾ." ನನಗೆ ಅರ್ಥವಾಗಲಿಲ್ಲ. ಬೈಗುಳವಿರಬೇಕು ಎಂದುಕೊಂಡೆ. ಕುದುರೆಯೂ ಮೊದಲು ಗಲಾಟೆ ಮಾಡುತ್ತಿತ್ತಲ್ಲ ಎಂದುಕೊಂಡು ಗಟ್ಟಿಯಾಗಿ ನಿಂತೆ.

ಆರು ದಿನ ಹೀಗೆ ನಡೆಯಿತು. ಬೆಳಿಗ್ಗೆ ಸ್ಕೂಲಿಗೆ ಹೋಗುವ ಮುಂಚೆ ಒಂದು ಸಲ, ಸಂಜೆ ಬಂದ ಮೇಲೆ ಒಂದು ಸಲ. ನಾನು ಅತ್ತ ಹೋದ ಕೂಡಲೆ ಅಮ್ಮ ಕುಡಿಸುತ್ತಿದ್ದಳು ಎಂದು ಆಮೇಲೆ ತಿಳಿಯಿತು. ಆಗ ಮಾತ್ರ ಅವಳೂ ನನ್ನನ್ನು ತಡೆಯಲಿಲ್ಲ. ಓದಿದ ಮಗಳು, ಏನೋ ಗೊತ್ತಿದ್ದೇ ಮಾಡುತ್ತಿದ್ದಾಳೆ ಎಂದು ನಂಬಿದ್ದಳು. ಅವಳಿಗೂ ಗಂಡನ ಬಾಯಿಂದ ತನಗೆ ತಿಳಿಯುವ ಒಂದು ಮಾತು ಬೇಕಾಗಿತ್ತು. ಏಳನೆಯ ದಿನ ಸಂಜೆ ಅಪ್ಪ ಕಣ್ಣು ಮುಚ್ಚಿಕೊಂಡು, ತುಟಿ ನಡುಗಿಸುತ್ತ, "ನೀ… ನೀರು" ಎಂದ.

ನಾನು ಕುಣಿದಾಡಿದೆ. ಬೀದಿಯ ಮಕ್ಕಳಿಗೆಲ್ಲ ಹೇಳಿ ಬಂದೆ. ಅಮ್ಮ ಮುನೇಶ್ವರನಿಗೆ ಕಾಯಿ ಒಡೆಸಿದಳು. ನಾಳೆ "ಅನ್ನ" ಕಲಿಸುತ್ತೇನೆ, ನಾಳಿದ್ದು "ಅಮ್ಮ" ಎಂದು ನಾನು ಪಾಟಿಯ ಮೇಲೆ ಪಟ್ಟಿ ಬರೆದಿಟ್ಟೆ.

ಪಟ್ಟಿ ಹಾಗೇ ಉಳಿಯಿತು. ಅವತ್ತಿನಿಂದ ಅಪ್ಪನ ಬಾಯಲ್ಲಿ "ನೀರು" ಬಿಟ್ಟು ಬೇರೆ ಮಾತು ಬರಲಿಲ್ಲ. ಹಸಿವಾದರೂ ನೀರು ಎಂದ. ಬೆನ್ನು ನೊಂದರೆ, ಮಗ್ಗುಲು ಬದಲಿಸಬೇಕಾದರೆ, ಅದನ್ನೇ ಅಂದ. ಅಮ್ಮ ಎದುರು ಕೂತು "ನನ್ನ ಹೆಸ್ರೇನು ಹೇಳಿ" ಎಂದು ಕೇಳಿದರೂ ಅವಳ ಮುಖವನ್ನು ನೋಡಿ, ಹೆದರಿದವನ ಹಾಗೆ, ನೀರು ಎಂದ. ಆ ಮೂವತ್ತು ನಲವತ್ತು ದಖನಿ ಮಾತುಗಳು ಎಲ್ಲಿ ಹೋದವೋ. ಬಾಯಿಗೆ ಬರುತ್ತಿದ್ದವೋ ಏನೋ, ಬಂದರೆ ತಪ್ಪಾಗುತ್ತದೆಂದು ಅಲ್ಲೇ ನುಂಗುತ್ತಿದ್ದನೋ ಏನೋ. ಅಮ್ಮನೇ ಹೋಗಿ ಬೂಬಮ್ಮನನ್ನು ಕರೆತಂದಳು. ಅವರು ಚಾಪೆಯ ಪಕ್ಕ ಕೂತು ಎಂದಿನಂತೆ ಮೆಲ್ಲಗೆ ಏನೋ ಕೇಳಿದರು. ಅಪ್ಪ ಮೊದಲು ನನ್ನ ಕಡೆ ನೋಡಿದ. ಆಮೇಲೆ ಅವರಿಗೂ ನೀರು ಎಂದ. ಬೂಬಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎದ್ದರು.

ನಾಲ್ಕು ತಿಂಗಳಿಗೆ ಅಪ್ಪ ಹೋದ. ಒಂದು ಮಧ್ಯಾಹ್ನ, ಎರಡನೆಯ ಸಲ ಲಕ್ವ ಹೊಡೆಯಿತು. ನಾನು ಸ್ಕೂಲಿನಲ್ಲಿದ್ದೆ.

ಈಗ ಯೋಚಿಸಿದರೆ ಲೆಕ್ಕ ಎಷ್ಟು ಸುಲಭ ಅನ್ನಿಸುತ್ತದೆ. ಅಪ್ಪನಿಗೆ ನಮ್ಮ ಮಾತು ತಿಳಿಯುತ್ತಿತ್ತು. ಅವನ ಮಾತು ನಮಗೆ ತಿಳಿಯಬೇಕಾಗಿತ್ತು ಅಷ್ಟೆ. ನಾನೂ ಅಮ್ಮನೂ ಬೂಬಮ್ಮನ ಹತ್ತಿರ ಕೂತು ನಲವತ್ತು ಮಾತು ಕಲಿತಿದ್ದರೆ ಮುಗಿದುಹೋಗುತ್ತಿತ್ತು. ನಲವತ್ತು ಮಾತು! ಆ ವರ್ಷ ನಾನು ಇಂಗ್ಲಿಷಿನಲ್ಲಿ ನೂರಾರು ಪದ ಬಾಯಿಪಾಠ ಮಾಡಿದ್ದೆ. ಲಕ್ವ ಹೊಡೆದು ಮಲಗಿದವನು ಕಲಿಯಬೇಕು, ನೆಟ್ಟಗಿದ್ದವರು ಕಲಿಯಬೇಕಾಗಿಲ್ಲ ಎಂದು ಅದು ಹೇಗೆ ನಮಗೆ ತೋಚಿತೋ.

ಅಮ್ಮ ಕಲಿತಳು. ತಡವಾಗಿ ಕಲಿತಳು. ಅಪ್ಪ ಹೋದ ಮೇಲೆ ಹೊಟ್ಟೆಪಾಡಿಗೆ ಅವಳು ಬೂಬಮ್ಮನ ಜೊತೆ ಊದಿನಕಡ್ಡಿ ಹೊಸೆಯಲು ಕೂತಳು. ಸ್ಕೂಲಿನಿಂದ ನಾನು ನೇರ ಅಲ್ಲಿಗೇ ಹೋಗುತ್ತಿದ್ದೆ. ಒಂದು ಸಂಜೆ, ಮಸಿಯಾದ ಕೈಯಲ್ಲಿ ಕಡ್ಡಿ ಉರುಳಿಸುತ್ತಲೇ ಅಮ್ಮ ಕೇಳಿದಳು. "ಬೂಬಮ್ಮ, ಒಂದಿನ ನಾನು ಸೊಪ್ಪು ಬಿಡಿಸ್ತಾ ಕೂತಿದ್ದೆ. ನನ್ ಕಡೆ ನೋಡಿ 'ಥಕ್ ಗಯೀ ನಾ' ಅಂದ್ರು. ಎರಡು ಸಲ ಅಂದ್ರು. ಏನದು?"

ನನಗೆ ಆಶ್ಚರ್ಯವಾಯಿತು. ಅರ್ಥವಾಗದ ಮಾತನ್ನು ಅವಳು ಒಂದು ಸ್ವರವೂ ಕೆಡದ ಹಾಗೆ ಇಷ್ಟು ದಿನ ಇಟ್ಟುಕೊಂಡಿದ್ದಳು.

"ಸುಸ್ತಾಯ್ತಾ ನಿಂಗೆ ಅಂತ ಕೇಳವ್ನೆ ಬೇಟಿ" ಎಂದರು ಬೂಬಮ್ಮ.

"ಅಷ್ಟೇನಾ?"

"ಅಷ್ಟೇ."

ಅಮ್ಮ ಕಡ್ಡಿ ಹೊಸೆಯುವುದನ್ನು ನಿಲ್ಲಿಸಿದಳು. "ಹದಿನೆಂಟು ವರ್ಷ ಸಂಸಾರ ಮಾಡ್ದೆ ಬೂಬಮ್ಮ. ಒಂದಿನ ಹಂಗೆ ಕೇಳ್ದೋರಲ್ಲ. ಕೇಳ್ದಾಗ ನಂಗೆ ಗೊತ್ತಾಗ್ಲಿಲ್ಲ" ಎಂದಳು. ಕೈಯ ಕಪ್ಪು ಮುಖಕ್ಕೆಲ್ಲ ಹತ್ತಿತು.

ಆಮೇಲೆ ಇದೇ ಅವಳ ದಿನಚರಿಯಾಯಿತು. ದಿನಕ್ಕೊಂದು ಮಾತು ನೆನಪಿನಿಂದ ತೆಗೆದು ಬೂಬಮ್ಮನ ಮುಂದೆ ಇಡುವುದು. ಅವತ್ತು ಮಂಗಳವಾರ, ಮಳೆ ಬಂದಿತ್ತು, ಹಿಂಗಂದ್ರು. ಇವಳು ಜ್ವರ ಬಂದು ಮಲಗಿದ್ಲಲ್ಲ, ಆಗ ಹಿಂಗಂದ್ರು. ಬೂಬಮ್ಮ ಅರ್ಥ ಹೇಳುತ್ತಿದ್ದರು. ಊಟ ಆಯ್ತಾ ಎಂದಿದ್ದ. ಸ್ವಲ್ಪ ಕೂತ್ಕೋ ಎಂದಿದ್ದ. ಹುಡುಗಿ ಎಲ್ಲಿ ಎಂದಿದ್ದ. ಕುದುರೆಯ ಜೊತೆ ಆಡಿಕೊಂಡು ಬಂದ ಮಾತುಗಳೇ ಇರಬಹುದು, ಆದರೆ ಅವನ ಹತ್ತಿರ ಇದ್ದ ಮೃದುವಾದ ಮಾತೆಲ್ಲ ಆ ಭಾಷೆಯಲ್ಲೇ ಇತ್ತಲ್ಲ. ಮೂವತ್ತೈದು ದಾಟಿದ ಮೇಲೆ ನನ್ನ ಅಮ್ಮ ಹೊಸ ಭಾಷೆ ಕಲಿತಳು. ಆ ಭಾಷೆಯಲ್ಲಿ ಅವಳು ಮಾತಾಡಬೇಕಾಗಿದ್ದವನು ಹೋಗಿದ್ದ. ಬೀದಿಯ ಸಾಬರ ಹೆಂಗಸರ ಜೊತೆ ಅವಳು ತಡವರಿಸುತ್ತ ದಖನಿ ಆಡಿದರೆ ಅವರು ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ಅರವತ್ತರ ದಶಕ ಮುಗಿಯುತ್ತ ಬಂದಾಗ ನನಗೆ ಯಲಹಂಕದ ಒಂದು ಶಾಲೆಯಲ್ಲಿ ಕನ್ನಡ ಟೀಚರ್ ಕೆಲಸ ಸಿಕ್ಕಿತು. ಮೊದಲ ದಿನ ಹೊರಡುವ ಬೆಳಿಗ್ಗೆ ಅಮ್ಮ ನನಗೆ ಜಡೆ ಹೆಣೆಯುತ್ತಿದ್ದಳು. ಇಪ್ಪತ್ತೊಂದು ವರ್ಷದವಳಿಗೆ ಜಡೆ ಹೆಣೆಯುವುದೇನು ಎಂದು ನಾನು ಗೊಣಗುತ್ತಿದ್ದೆ. ಹಿಂದಿನಿಂದಲೇ ಅವಳು ಕೇಳಿದಳು.

"ಚೊಂಬು ಹಿಡ್ಕೊಂಡು ನಿಲ್ತಿದ್ದೆಯಲ್ಲ, ಆಗ ನಿಮ್ಮಪ್ಪ ಒಂದು ಮಾತು ಅಂತಿದ್ರು, ನೆನಪಿದೆಯಾ?"

ನೆನಪಿರದೆ ಏನು.

"ಬೂಬಮ್ಮನ್ನ ಅವಾಗ್ಲೇ ಕೇಳಿದ್ದೆ. ನೀನು ಚಿಕ್ಕೋಳು, ಬೇಡ ಅಂತ ಹೇಳಿರ್ಲಿಲ್ಲ. ಇವತ್ತು ಮಕ್ಳಿಗೆ ಕಲಿಸೋಕೆ ಹೋಗ್ತಿದೀಯ, ಗೊತ್ತಿರ್ಲಿ." ಜಡೆಗೆ ಟೇಪು ಕಟ್ಟಿ ಗಂಟು ಬಿಗಿದಳು. "'ಹೇಳ್ತಾ ಇದೀನಲ್ಲಮ್ಮ' ಅಂತ. ಅದು ಅದರ ಅರ್ಥ. ಹೇಳ್ತಾ ಇದೀನಲ್ಲಮ್ಮ."

ನಾನು ಅವತ್ತು ಬಸ್ಸಿನಲ್ಲಿ ಯಲಹಂಕದವರೆಗೂ ಅಳುತ್ತ ಹೋದೆ. ಅಪ್ಪನಿಗೆ ತಾನು ಹೇಳುತ್ತಿರುವುದು ಕನ್ನಡವಲ್ಲ ಎಂದು ಗೊತ್ತೇ ಇರಲಿಲ್ಲ. ಮಗಳು "ನೀರು ಅನ್ನು" ಎಂದಳು, ಅವನು ಅದನ್ನೇ ಅಂದ. ಅವನ ಕಿವಿಗೆ ಅದು ನೀರು ಎಂದೇ ಕೇಳಿಸಿತ್ತು. ಹೇಳಿದ ಮೇಲೂ ಮಗಳು ಚೊಂಬು ಕೊಡುತ್ತಿಲ್ಲ. ಇನ್ನು ಹೇಗೆ ಹೇಳಬೇಕು? ಏಳು ದಿನ ಅವನ ಮನಸ್ಸಿನಲ್ಲಿ ಏನಾಗಿರಬೇಕು, ನೀವೇ ಯೋಚಿಸಿ. ನಾನಂತೂ ಅದನ್ನು ಯೋಚಿಸುತ್ತಲೇ ಮೂವತ್ತಾರು ವರ್ಷ ಪಾಠ ಮಾಡಿದೆ. ಮನೆಯಲ್ಲಿ ತೆಲುಗು, ತಮಿಳು, ಉರ್ದು ಆಡುವ ಮಕ್ಕಳು ನನ್ನ ಕ್ಲಾಸಿನಲ್ಲಿ ಎಷ್ಟೋ ಜನ ಇದ್ದರು. ಅವರು ಬೇರೆ ಮಾತಿನಲ್ಲಿ ಉತ್ತರ ಕೊಟ್ಟರೆ ನಾನು ಸರಿ ಎಂದು ಗುರುತು ಹಾಕುತ್ತಿದ್ದೆ. ಇನ್‌ಸ್ಪೆಕ್ಟರ್ ಸಾಹೇಬರು ಬಂದಾಗ ಅದಕ್ಕಾಗಿ ಬೈಸಿಕೊಂಡೆ. ಮಕ್ಕಳ ಕೈಗೆ ಕೊಡಬೇಕಾದ್ದನ್ನು ಹಿಡಿದಿಟ್ಟು ಯಾವತ್ತೂ ಪಾಠ ಹೇಳಲಿಲ್ಲ. ಅದರಿಂದ ಅಪ್ಪನಿಗೇನೂ ಬರಲಿಲ್ಲ. ನನ್ನ ಮೇಲೆ ಅವನಿಗೆ ಎಷ್ಟು ಸಿಟ್ಟು ಬಂದಿರಬೇಕು ಎಂಬ ಪ್ರಶ್ನೆ ಮಾತ್ರ ಹೋಗಲಿಲ್ಲ.

ಇಷ್ಟು ಬರೆದು ನಿನ್ನೆ ನಿಲ್ಲಿಸಿದ್ದೆ. ಇವತ್ತು ಬೆಳಿಗ್ಗೆ ಒಂದು ಸಲ ಓದಿ ತಿದ್ದೋಣವೆಂದು ಕನ್ನಡಕ ಹುಡುಕಿದೆ, ಸಿಗಲಿಲ್ಲ. ವೀಣಾಳನ್ನು ಕರೆದು ಕನ್ನಡಕ ಕೊಡಮ್ಮ ಎಂದೆ. ನಾನು ಹುಡುಕುತ್ತಿದ್ದದ್ದನ್ನು ನೋಡಿದ್ದ ಅವಳು ಟೀವಿಯ ಪಕ್ಕದಿಂದ ಅದನ್ನು ತಂದಳು. ತಂದವಳು ಕೊಡದೆ ನನ್ನ ಎದುರಿನ ಕುರ್ಚಿಯಲ್ಲಿ ಕೂತಳು.

"ಅತ್ತೆ, ಇದೇನು ಹೇಳಿ?"

"ಕನ್ನಡಕ. ಕೊಡೆ ಇಲ್ಲಿ."

"ಅಲ್ಲ ಅತ್ತೆ. ಇನ್ನೊಂದ್ಸಲ ಹೇಳಿ, ನಿಧಾನಕ್ಕೆ."

ಇವಳಿಗೇನಾಯಿತು ಎಂದುಕೊಂಡೆ. ಮತ್ತೆ ಹೇಳಿದೆ. ಅವಳು ತಲೆಯಾಡಿಸಿದಳು. ನಾನು ಮೂರು ಸಲವೂ "ಬೀಗದ ಕೈ" ಎಂದೆನಂತೆ. ಒಂದು ತಿಂಗಳಿನಿಂದ ಹೀಗೆ ಆಗುತ್ತಿದೆಯಂತೆ. ನನಗೆ ತಿಳಿಸದೆ ಅವಳೂ ಮಗನೂ ಡಾಕ್ಟರನ್ನು ಕೇಳಿಕೊಂಡು ಬಂದಿದ್ದಾರೆ. ಅದೆಲ್ಲ ಅವಳು ಹೇಳಿದ್ದು ಆಮೇಲೆ. ಆ ಕ್ಷಣದಲ್ಲಿ ನನಗೆ ಗೊತ್ತಿದ್ದದ್ದು ಇಷ್ಟೇ, ನಾನು ಸರಿಯಾಗಿ ಹೇಳುತ್ತಿದ್ದೇನೆ, ಇವಳು ಕೊಡುತ್ತಿಲ್ಲ. ಕೈ ಚಾಚಿ, "ಹೇಳ್ತಾ ಇದೀನಲ್ಲಮ್ಮ" ಎಂದೆ.

ಆ ಮಾತು ನನ್ನ ಕಿವಿಗೆ ಬಿದ್ದ ಮೇಲೆ ನಾನು ವೀಣಾಳ ಮುಖ ನೋಡಿದೆ. ಕನ್ನಡಕವನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಬಾಗಿ ಕೂತಿದ್ದಳು. ನಾನು ಬಾಯಿ ತೆರೆದಾಗಲೆಲ್ಲ ಅವಳ ತುಟಿಯೂ ಅಲುಗುತ್ತಿತ್ತು. ಕಣ್ಣಲ್ಲಿ ನೀರಿತ್ತು. ಅವಳಿಗೆ ನಾನು ಬೇಕಾಗಿದ್ದೆ, ನನ್ನ ಮಾತು ಬೇಕಾಗಿತ್ತು, ಅದು ಕಾಣುತ್ತಿತ್ತು. ನನಗೆ ಅವಳ ಮೇಲೆ ಎಳ್ಳಷ್ಟೂ ಸಿಟ್ಟು ಬರಲಿಲ್ಲ.

ಅಪ್ಪ ಆ ಏಳು ದಿನವೂ ನನ್ನ ಮುಖವನ್ನೇ ನೋಡುತ್ತಿದ್ದ.